ಗಿರಿಜತ್ತೆಯ ಕ್ರಿಸ್ಮಸ್ ರಜೆ

ಮೊಮ್ಮಕ್ಕಳು ಕ್ರಿಸ್ಮಸ್ ರಜೆಗೆ ಬರುತ್ತಾರೆಂದು ನಿನ್ನೆ ಹಾಸಿಗೆಗಳನ್ನೆಲ್ಲ ತಾರಸಿಯಲ್ಲಿ ಒಣಹಾಕಿದ್ದೆ. ಸಂಜೆ ಮಡಚುವಾಗ ಬಿಸಿಲುಂಡ ಹತ್ತಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಕ್ಕಂದಿನಲ್ಲಿ ಅಮ್ಮ ಹೀಗೇ ಹಾಸಿಗೆ ಒಣಹಾಕುತ್ತಿದ್ದ ಹೊಸನಗರದ ನಮ್ಮ ಬಾಡಿಗೆ ಮನೆಗೆ ಹೋಗಿಬಿಟ್ಟೆ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ! "ತಲೆ ಸುತ್ತುತ್ತಾ ಆಂಟಿ?" ಎಂದು ಪಕ್ಕದ ಮನೆಯಾಕೆ ಕೂಗಿದಾಗಲೇ ಎಚ್ಚರ.

ನಾವು ಕ್ರೈಸ್ತರಲ್ಲ. ಅಪ್ಪ ಶಾಲೆ ಮೇಷ್ಟ್ರು. ಕ್ರಿಸ್ಮಸ್ ಎಂದರೆ ನಮಗೆ ಹತ್ತು ದಿನದ ರಜೆ, ಮನೆ ತುಂಬ ನೆಂಟರು. ಅಜ್ಜಿಯಂತೂ ಅದು ಚಳಿಯ ಇನ್ನೊಂದು ಹೆಸರೆಂದೇ ತಿಳಿದಿದ್ದಳು. "ಈ ಸಲ ಕ್ರಿಸ್ಮಸ್ಸು ಜೋರಾಗೇ ಅದೆ, ಕಂಬಳಿ ತೆಗೀರೇ" ಎನ್ನುತ್ತಿದ್ದಳು.

ನೆಂಟರಲ್ಲಿ ಮೊದಲಿಗರು ಅಪ್ಪನ ಅಕ್ಕ ಗಿರಿಜತ್ತೆ. ಸಾಗರದ ಆಚೆ, ಶರಾವತಿ ದಂಡೆಯ ಊರು ಅವರದು. ಕೊಯ್ಲು ಮುಗಿಸಿ ಮಾವನನ್ನೂ ನನ್ನದೇ ವಯಸ್ಸಿನ ಮಗಳು ಶಾರದೆಯನ್ನೂ ಕರೆದುಕೊಂಡು ಬರುವರು. ಬಚ್ಚಲೊಲೆಯ ಮುಂದೆ ಚಳಿ ಕಾಯಿಸುತ್ತ ನಾನೂ ಶಾರದೆಯೂ ಒಂದೇ ಮಣೆಯ ಮೇಲೆ ಒತ್ತಿಕೊಂಡು ಕೂರುತ್ತಿದ್ದೆವು. ಅವಳಿಗೆ ಗೊತ್ತಿದ್ದಷ್ಟು ಹಕ್ಕಿಗಳ ಕೂಗು ನಮ್ಮ ಮೇಷ್ಟ್ರುಗಳಿಗೂ ಗೊತ್ತಿರಲಿಲ್ಲ.

ನನಗೆ ಒಂಬತ್ತು ತುಂಬಿದ ವರ್ಷ ಅತ್ತೆ, ಶಾರದೆ ಇಬ್ಬರೇ ಬಂದರು. ಆದರೆ ಬಸ್ಸಿನ ಮೇಲಿಂದ ಸಾಮಾನು ಇಳಿಯುತ್ತಲೇ ಇತ್ತು: ಟ್ರಂಕು, ತಾಮ್ರದ ಹಂಡೆ, ಬೀಸುವ ಕಲ್ಲು, ಬೀಜದ ಭತ್ತದ ಮೂಟೆ. "ರಜೆಗೆ ಬೀಸುವ ಕಲ್ಲು ಯಾಕತ್ತೆ?" ಎಂದು ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

ನದಿಗೆ ಅಣೆಕಟ್ಟು ಎದ್ದಿತ್ತು. ಮುಂದಿನ ಮಳೆಗಾಲಕ್ಕೆ ಅವರ ಊರು ನೀರಿನಡಿ ಹೋಗುವುದಿತ್ತು. ಬದಲಿಗೆ ಸಿಕ್ಕ ಕಾಡುಭೂಮಿಯಲ್ಲಿ ಗುಡಿಸಲು ಎಬ್ಬಿಸಲು ಮಾವ ಒಬ್ಬರೇ ಹೋಗಿದ್ದರು. ದೊಡ್ಡವರಿಗೆಲ್ಲ ಗೊತ್ತಿದ್ದ ಇದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ರಜೆ ಮುಗಿಯಿತು. ಉಳಿದ ನೆಂಟರು ಹೋದರು, ಇವರು ಹೋಗಲಿಲ್ಲ. ಅಪ್ಪ ಶಾರದೆಯನ್ನು ನನ್ನ ತರಗತಿಗೇ ಸೇರಿಸಿದರು. ವಾರದೊಳಗೆ ಅವಳು ಲೆಕ್ಕದಲ್ಲಿ ನನ್ನನ್ನು ಹಿಂದೆ ಹಾಕಿದಳು. ಅಮ್ಮ ನನ್ನ ನೀಲಿ ಲಂಗವನ್ನು ಅವಳಿಗೆ ಉಡಿಸಿದಳು. ಅದು ನನಗೆ ಗಿಡ್ಡವಾಗಿತ್ತು ಎಂಬುದು ಬೇರೆ ಮಾತು. ಅಂಥ ಹೊಟ್ಟೆಕಿಚ್ಚನ್ನು ನೀವೂ ಒಮ್ಮೆ ಪಟ್ಟಿದ್ದರೆ ನನ್ನನ್ನು ಕ್ಷಮಿಸುತ್ತೀರಿ.

ಒಂದು ಬೆಳಿಗ್ಗೆ ಎಲ್ಲರೂ ಗಂಜಿಗೆ ಕುಳಿತಿದ್ದಾಗ ಕೇಳಿಯೇಬಿಟ್ಟೆ: "ರಜೆ ಮುಗೀತಲ್ಲ ಅತ್ತೆ, ಊರಿಗೆ ಯಾವಾಗ ಹೋಗ್ತೀರಿ?"

ಅಮ್ಮನ ಕೈಯ ಸೌಟು ನಿಂತಿತು. ಅತ್ತೆ ಮಾತ್ರ ನಕ್ಕು ನನ್ನ ತಲೆ ಸವರಿದರು. "ಹೋಗ್ತೀವಿ ಮಗಾ. ನಿನ್ ಮಾವ ಹೇಳಿ ಕಳಿಸ್ಲಿ."

ಮೂರನೇ ದಿನ, "ಮಾವ ಹೇಳಿ ಕಳಿಸಿದಾರೆ" ಎಂದು ಅತ್ತೆ ಹೊರಟುಬಿಟ್ಟರು. ಅಪ್ಪ ಎಷ್ಟು ತಡೆದರೂ ನಿಲ್ಲಲಿಲ್ಲ. ಹೇಳಿ ಕಳಿಸಿದವರು ಯಾರೂ ಇರಲಿಲ್ಲ. ಗುಡಿಸಲಿಗೆ ಇನ್ನೂ ಹುಲ್ಲು ಹೊದೆಸಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಆ ಕಾಡಿನ ಹತ್ತಿರ ಶಾಲೆಯೂ ಇರಲಿಲ್ಲ. ಶಾರದೆಯ ಓದು ಅಲ್ಲಿಗೇ ನಿಂತಿತು. ನೆಲ ಹಸನು ಮಾಡುವುದರಲ್ಲೇ ವರ್ಷಗಳು ಹೋದವು. ಅವರು ಮತ್ತೆಂದೂ ರಜೆಗೆ ಬರಲಿಲ್ಲ. ಬಚ್ಚಲೊಲೆಯ ಮುಂದಿನ ಮಣೆ ನನ್ನೊಬ್ಬಳಿಗೆ ತೀರ ಅಗಲವಾಯಿತು.

ಶಾರದೆ ಈಗಲೂ ಆ ಕಾಡುಭೂಮಿಯಲ್ಲಿ ಎದ್ದ ಊರಿನಲ್ಲೇ ಇದ್ದಾಳೆ, ಮೊಮ್ಮಕ್ಕಳನ್ನು ಕಂಡಿದ್ದಾಳೆ. ಮದುವೆ ಮನೆಗಳಲ್ಲಿ ಸಿಕ್ಕಾಗ ಸೀರೆ, ಮಂಡಿನೋವು ಎಲ್ಲ ಮಾತಾಡುತ್ತೇವೆ, ಅದೊಂದನ್ನು ಬಿಟ್ಟು. ನಿನ್ನೆ ಹಾಸಿಗೆ ಮಡಚಿಟ್ಟು ಕೆಳಗಿಳಿದವಳು ಸೀದಾ ಅವಳಿಗೆ ಫೋನ್ ಮಾಡಿದೆ. ಅರವತ್ತು ವರ್ಷದ ತಪ್ಪನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

ಅವಳು ಹೇಳಿದಳು:

"ನಂಗೆ ನೆನಪದೆ ಕಣೇ. ಅವತ್ತು ಅವ್ವ ಹಿತ್ಲಿಗೆ ಹೋಗಿ ಅತ್ಲು. ಊರು ಬಿಟ್ಟಾಗ್ಲೂ ಅತ್ತಿರ್ಲಿಲ್ಲ, ಕಲ್ಲಾಗಿದ್ಲು. ನೀನ್ ಕೇಳಿದ್ ಮೇಲೇ ಅತ್ತಿದ್ದು. ಆಮೇಲೆ ಮೊಖ ತೊಳ್ಕಂಡು, 'ಹೋಗಾನ ಶಾರದಿ, ಅಲ್ಲೇ ನಮ್ದೊಂದು ಊರು ಮಾಡ್ಕಳಾನ' ಅಂದ್ಲು."

ನಾನು, "ರಜೆಗೆ ಬಾರೇ" ಎಂದೆ.

"ನಂಗೆಂತ ರಜಾ ಮಾರಾಯ್ತಿ! ದನ ಯಾರು ನೋಡ್ತಾರೆ?" ಎಂದು ಬೈದಳು. ಆಚೆ ಕಡೆ ಕರು ಕೂಗಿದ್ದು ಕೇಳಿಸಿತು. ಫೋನ್ ಇಟ್ಟಳೋ ಏನೋ ಎಂದುಕೊಂಡೆ. ಇಟ್ಟಿರಲಿಲ್ಲ.

"ನಿಮ್ಮನೆ ಹತ್ರ ಯಾವ ಸ್ಟಾಪಲ್ಲಿ ಇಳೀಬೇಕೇ?" ಎಂದಳು.