ಮೂಗಿಗೆ ಹಿಡಿದ ಸೀರೆ

ಮೊನ್ನೆ ಭಾನುವಾರ ಮಗಳು ತನ್ನ ಹೊಸ ಗೌನನ್ನು ತಂದು ನನ್ನ ಮೂಗಿಗೆ ಹಿಡಿದಳು. "ಸ್ಮೆಲ್ ವರುದಾ ಪಾರು ಮಾ." ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಹೇಳುವುದು, ನಮ್ಮ ಮನೆಯ ರೂಢಿ. ವಾಸನೆ ಬರುತ್ತಾ ನೋಡು ಅಂತ. ಶೋಳಿಂಗನಲ್ಲೂರಿನ ಆಫೀಸಿನ ಗೆಳತಿಯ ರಿಸೆಪ್ಷನ್‌ಗೆ ಹಿಂದಿನ ದಿನ ಹಾಕಿಕೊಂಡು ಹೋಗಿದ್ದಳು. ಬೆಲೆಚೀಟಿ ಕೀಳದೆ ಒಳಗೆ ಮಡಿಸಿ ಪಿನ್ ಹಾಕಿದ್ದಳಂತೆ. ಆನ್‌ಲೈನ್‌ನಲ್ಲಿ ತರಿಸಿದ್ದು, ಇನ್ನು ವಾಪಸ್ ಕಳಿಸಿದರಾಯಿತು, ದುಡ್ಡೂ ವಾಪಸ್! ಮೂಸಿದೆ. ಸೆಂಟು, ಅದರ ಕೆಳಗೆ ಒಂಚೂರು ಬೆವರು, ಮಲ್ಲಿಗೆ... ಅಷ್ಟಕ್ಕೇ ನನಗೆ, ಮದುವೆಯಾದ ಹೊಸತರಲ್ಲಿ ನಾವಿದ್ದ ಕ್ರೋಂಪೇಟೆಯ ಎದುರುಮನೆ ಮಾಮಿ ನೆನಪಾದರು.

ಮಾಮಿ ನಮ್ಮ ಹಾಗೆ ಕನ್ನಡದವರೇ. ರೈಲ್ವೆಯಲ್ಲಿದ್ದ ಗಂಡ ಹೋದ ಮೇಲೆ ಪೆನ್ಷನ್‌ನಲ್ಲಿ ಒಬ್ಬರೇ ಇದ್ದರು. ಬೀದಿಯೆಲ್ಲ ಮಾಮಿ ಅನ್ನುತ್ತಿತ್ತು, ನಾನೂ ಅಂದೆ. ಜಿಪುಣರು ಅಂದರೆ ಅಂಥಿಂಥ ಜಿಪುಣರಲ್ಲ! ಹಾಲಿನ ಕವರು ತೊಳೆದು ಹಗ್ಗಕ್ಕೆ ಸಿಕ್ಕಿಸುವರು. ಸೀರೆ ಹರಿದರೆ ದಿಂಬಿನ ಚೀಲ, ಅದು ಹರಿದರೆ ಮಸಿಬಟ್ಟೆ. ಆದರೆ ಟ್ರೈನಿಳಿದು ಬುಟ್ಟಿ ಹೊತ್ತು ಬರುತ್ತಿದ್ದ ಸೊಪ್ಪಿನವಳ ಹತ್ತಿರ ಅವರು ಚೌಕಾಸಿ ಮಾಡಿದ್ದನ್ನು ನಾನು ಕಂಡಿಲ್ಲ. "ಫ್ಯಾನ್ ಕೆಳಗೆ ಕೂತು ಮಾರೋರ ಹತ್ರ ಎಷ್ಟು ಬೇಕಾದ್ರೂ ಜಗಳ ಆಡು. ತಲೆ ಮೇಲೆ ಹೊತ್ಕೊಂಡು ಬರೋರ ಹತ್ರ ಬೇಡ ಕಣೇ" ಅನ್ನುವರು. ಕೈಯಲ್ಲಿ ಇಲ್ಲದ ದಿನ ಸೊಪ್ಪಿಲ್ಲದೆ ಸಾರು ಮಾಡುವರು.

ಕಾಂಚೀಪುರದ ಕಡೆಯಿಂದ ಸೀರೆ ಮಾರುವವರೊಬ್ಬರು ತಿಂಗಳಿಗೊಮ್ಮೆ ಗಂಟು ಹೊತ್ತು ಬರುತ್ತಿದ್ದರು. ಆ ಗಂಟನ್ನು ಮೂರು ದಿನ ಮಾಮಿಯ ಮನೆಯಲ್ಲಿ ಬಿಟ್ಟುಹೋಗುವುದು ವಾಡಿಕೆ. ಬೀದಿಯ ಹೆಂಗಸರು ಹೋಗಿ ನೋಡುವುದು, ಇಷ್ಟವಾದದ್ದನ್ನು ಒಯ್ದು ಮನೆಯವರಿಗೆ ತೋರಿಸುವುದು, ಬೇಡವಾದರೆ ತಂದಿಡುವುದು. ಚೀಟಿಯಿಲ್ಲ, ರಸೀದಿಯಿಲ್ಲ. ಮಾಮಿಯ ಮಾತೇ ಜಾಮೀನು. ಅದಕ್ಕಾಗಿ ಅವರು ಸೀರೆಯವರಿಂದ ಒಂದು ಕರ್ಚೀಫನ್ನೂ ತೆಗೆದುಕೊಂಡವರಲ್ಲ.

ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ನಾದಿನಿಯ ನಿಶ್ಚಿತಾರ್ಥ ಬಂತು. ನನ್ನ ಹತ್ತಿರ ಇದ್ದದ್ದು ಒಂದೇ ಒಂದು ಧಾರೆ ಸೀರೆ, ಎಲ್ಲರೂ ನೋಡಿ ನೋಡಿ ಸಾಕಾದದ್ದು. ಗಂಟಿನಲ್ಲಿ ನವಿಲುಬಣ್ಣದ್ದೊಂದಿತ್ತು... "ಅತ್ತೆಗೆ ತೋರಿಸಿ ತರ್ತೀನಿ ಮಾಮಿ" ಎಂದು ಒಯ್ದೆ. ಉಟ್ಟೆ. ಎಲ್ಲರೂ ಹೊಗಳಿದರು. ಮರುದಿನ ಅದೇ ಮಡಿಕೆಗೆ ಮಡಿಸಿ, ಹಾಸಿಗೆಯ ಕೆಳಗಿಟ್ಟು ಒತ್ತಿ, "ಬಣ್ಣ ಹಿಡಿಸಲಿಲ್ಲವಂತೆ" ಎಂದು ತಂದುಕೊಟ್ಟೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಅಂತ ಒಳಗೊಳಗೇ ಬೀಗಿದೆ. ದುಡ್ಡು ಉಳಿಸುವುದನ್ನು ಮಾಮಿಯಿಂದಲೇ ಕಲಿತೆ ಎಂದು ಬೇರೆ ಅಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಸೀರೆಯವರು ಗಂಟು ಕಟ್ಟಲು ಬಂದಾಗ ನಾನು ಹೆಪ್ಪಿಗೆ ಮೊಸರು ಕೇಳಲು ಅಲ್ಲಿಗೇ ಹೋಗಿದ್ದೆ. ಅವರು ಒಂದೊಂದೇ ಸೀರೆಯನ್ನು ಮೂಗಿಗೆ ಹಿಡಿದು ಗಂಟಿಗೆ ಇಡುತ್ತಿದ್ದರು. ಹೊಸ ರೇಷ್ಮೆಗೆ ಅದರದೇ ವಾಸನೆ ಇರುತ್ತದಂತೆ. ನವಿಲುಬಣ್ಣದ್ದಕ್ಕೆ ಕೈ ನಿಂತಿತು.

"ಮಾಮೀ, ಇದು ಕಟ್ಟಿನ ಪುಡವೆ" ಅಂದರು ಮೆತ್ತಗೆ. ಇದು ಉಟ್ಟ ಸೀರೆ.

ಮಾಮಿ ನನ್ನ ಕಡೆ ನೋಡಿದರು. ನಾನು ಕೈಯಲ್ಲಿದ್ದ ಬಟ್ಟಲು ನೋಡಿದೆ.

"ಆಮಾ. ನಾನ್‌ದಾನ್ ಕಟ್ಟಿನೇನ್" ಅಂದರು ಮಾಮಿ.

ನಾನೇ ಉಟ್ಟಿದ್ದು, ಅಂತ. ನೂಲಿನ ಸೀರೆ ಬಿಟ್ಟು ಬೇರೆ ಉಡದ ಹೆಂಗಸು! ಒಳಗೆ ಹೋಗಿ, ಹಲ್ಲಿನ ಸೆಟ್ ಕಟ್ಟಿಸಲು ಎರಡು ವರ್ಷದಿಂದ ಅಕ್ಕಿ ಡಬ್ಬಿಯಲ್ಲಿ ಕೂಡಿಟ್ಟಿದ್ದ ದುಡ್ಡು ತಂದು ಆ ಸೀರೆ ಕೊಂಡರು.

ಸಂಜೆ ಮಾಮಿಯ ಹತ್ತಿರ ಹೋಗಿ ಅತ್ತುಬಿಟ್ಟೆ. ತಿಂಗಳು ತಿಂಗಳು ತೀರಿಸುತ್ತೇನೆ ಅಂದೆ.

"ದುಡ್ಡು ಯಾರಿಗೆ ಬೇಕು? ಮುಂದಿನ ತಿಂಗಳು ಬರ್ತಾರಲ್ಲ, ಅವರ ಮುಂದೆ ಒಂದು ಮಾತು ಹೇಳ್ಬಿಡು. ಇಷ್ಟು ವರ್ಷ ನನ್ನನ್ನ ನಂಬಿದ್ರು ಕಣೇ."

ಹೇಳುತ್ತೇನೆ ಅಂದೆ. ಹೇಳಬೇಕು ಅಂತಲೇ ಇದ್ದೆ... ಮುಂದಿನ ತಿಂಗಳು ಬೀದಿಯಲ್ಲಿ ಅವರ ಕೂಗು ಕೇಳಿದಾಗ ಬಾಗಿಲ ಚಿಲಕ ಹಾಕಿ ಹಿಂದೆ ನಿಂತುಕೊಂಡೆ. ಅವರು ಮಾಮಿಯ ಜಗಲಿಯಲ್ಲಿ ಸೀರೆ ತೋರಿಸಿ, ಗಂಟು ಕಟ್ಟಿಕೊಂಡು ಹೊರಟೇಬಿಟ್ಟರು. ಮೂರು ದಿನ ಬಿಟ್ಟುಹೋಗುವ ವಾಡಿಕೆ ಅಂದಿಗೆ ಮುಗಿಯಿತು. ಅದರ ಮುಂದಿನ ತಿಂಗಳೂ ನಾನು ಬಾಗಿಲು ತೆಗೆಯಲಿಲ್ಲ. ಆಮೇಲೆ ಅವರು ನಮ್ಮ ಬೀದಿಗೆ ಬರುವುದನ್ನೇ ಬಿಟ್ಟರು.

ಮಾಮಿ ಮತ್ತೆ ಒಂದು ದಿನವೂ ಕೇಳಲಿಲ್ಲ. ಅನ್ನವನ್ನು ಸಾರಿನಲ್ಲಿ ಗಂಜಿಯ ಹಾಗೆ ಕಿವುಚಿಕೊಂಡು ಉಣ್ಣುತ್ತಿದ್ದರು. ನಾನು ಹೋದರೆ ಬೊಚ್ಚುಬಾಯಲ್ಲಿ ನಗುತ್ತಿದ್ದರು. ಆ ನಗು ನೋಡಲಾಗದೆ ಹೋಗುವುದು ಕಡಿಮೆ ಮಾಡಿದೆ. ಮನೆ ಬದಲಾಯಿಸಿದೆವು. ಕೆಲವು ವರ್ಷಗಳಾದ ಮೇಲೆ ಮಾಮಿ ಹೋದರು ಅಂತ ಸುದ್ದಿ ಬಂತು. ಮಣ್ಣಿಗೂ ಹೋಗಲಿಲ್ಲ ನಾನು. ಆ ಸೀರೆ ಯಾರ ಪಾಲಾಯಿತೋ.

"ಸೊಲ್ಲು ಮಾ, ವರುದಾ?" ಹೇಳಮ್ಮ, ಬರುತ್ತಾ, ಅಂತ ಮಗಳು ಗೌನು ಹಿಡಿದು ನಿಂತೇ ಇದ್ದಳು. ಹೇಳಬೇಕು ಅಂತ ಬಾಯಿ ತೆಗೆದೆ. ಅವಳೇ ಮೊದಲು, "ಎಲ್ಲಾರುಂ ಪಣ್ಣ್‌ರಾಂಗ ಮಾ" ಅಂದಳು. ಎಲ್ಲರೂ ಮಾಡುವುದೇ, ಅಂತ.

"ಇಲ್ಲ. ಏನೂ ಬರಲ್ಲ" ಅಂದೆ.

ಅವಳು ಕವರಿಗೆ ಹಾಕಿ ಅಂಟಿಸಿದಳು. ಸ್ವಲ್ಪ ಹೊತ್ತಿಗೆ ವಾಪಸ್ ಒಯ್ಯುವವರು ಬೆಲ್ ಮಾಡಿದರು. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.