ಕೊಕ್ಕೆ ಮೇಡಂ ಕಟ್ಟಿಸಿದ ಕೈಪಟ್ಟಿ

ಆ ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರ ಬಾಯಲ್ಲೂ ಅವಳು ಕೊಕ್ಕೆ ಮೇಡಂ. ಯಾರು ಏನೇ ಮಾಡಿ ತಂದಿಟ್ಟರೂ ಒಂದು ಕೊಕ್ಕೆ ಹಾಕದೆ ಬಿಡುತ್ತಿರಲಿಲ್ಲವಲ್ಲ, ಅದಕ್ಕೆ. ಬೇಜಾರಾಗುತ್ತಿತ್ತೇ? ಎಲ್ಲಿಯ ಬೇಜಾರು! ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ. ಕೊಕ್ಕೆ ಹಾಕದಿದ್ದರೆ ಅವಳನ್ನು ಇಟ್ಟುಕೊಂಡಾದರೂ ಏನು ಪ್ರಯೋಜನ, ಹೇಳಿ.

ಇದು ತಲೆಗೆ ಹೋಗದೆ ಇದ್ದದ್ದು ಮನೆಯಲ್ಲಿದ್ದ ಅತ್ತೆಗೆ ಮಾತ್ರ. ಅಡುಗೆಮನೆ ಅವರ ರಾಜ್ಯ, ಅವರ ಅಡುಗೆಗೆ ಉಪ್ಪು ಕಮ್ಮಿ ಅನ್ನುವ ಧೈರ್ಯ ಮಗನಿಗೂ ಇರಲಿಲ್ಲ, ಸೊಸೆಗೂ ಇರಲಿಲ್ಲ. "ಊರವರ ತಪ್ಪು ಎತ್ತಿ ಆಡೋದೂ ಒಂದು ಕೆಲಸವೇನೇ? ಇದ್ಯಾವ ಸೀಮೆ ನೌಕರಿ ತಾಯಿ!" ಅಂತ ಆಗಾಗ ಚುಚ್ಚುತ್ತಿದ್ದರು. ಸೊಸೆ ನಕ್ಕು ಆಫೀಸಿಗೆ ಹೊರಡುತ್ತಿದ್ದಳು.

ಆ ಸಲ ಕೈಗೆ ಬಂದದ್ದು ಆಸ್ಪತ್ರೆಯ ಕೆಲಸ. ರೋಗಿಯ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಾರೆ, ಅದರ ಮೇಲೆ ಗೆರೆಗೆರೆಯ ಬಾರ್‌ಕೋಡ್. ನರ್ಸ್ ಮೊದಲು ಕೈಪಟ್ಟಿ ಸ್ಕ್ಯಾನ್ ಮಾಡಬೇಕು, ಆಮೇಲೆ ಮಾತ್ರೆಯ ಪೊಟ್ಟಣ. ಎರಡೂ ತಾಳೆಯಾದರೆ ಹಸಿರು ಬಣ್ಣ, ಇಲ್ಲದಿದ್ದರೆ ಕೆಂಪು. ಒಬ್ಬರ ಮಾತ್ರೆ ಇನ್ನೊಬ್ಬರ ಹೊಟ್ಟೆಗೆ ಹೋಗಬಾರದು, ಅಷ್ಟೇ. ಒಂದು ವಾರ್ಡಿನಲ್ಲಿ ಪ್ರಯೋಗ ನಡೆಯುತ್ತಿತ್ತು. ತಿಂಗಳ ಕೊನೆಗೆ ಇಡೀ ಆಸ್ಪತ್ರೆಗೆ ಹಾಕಿಕೊಡುತ್ತೇವೆ ಅಂತ ಮ್ಯಾನೇಜರ್ ಮಾತು ಕೊಟ್ಟುಬಿಟ್ಟಿದ್ದರು.

"ಎಲ್ಲಾ ಥರದ ಟೆಸ್ಟಿಂಗಿಗೂ ಟೈಮ್ ಇಲ್ಲಮ್ಮ. ಲೋಡ್ ಟೆಸ್ಟ್ ಒಂದು ಮಾಡಿ ಮುಗಿಸಿಬಿಡಿ" ಅಂದರು ಅವರು. ಸಾವಿರಾರು ಜನ ಒಟ್ಟಿಗೆ ಬಳಸಿದರೂ ಸಾಫ್ಟ್‌ವೇರ್ ಮಕಾಡೆ ಮಲಗುವುದಿಲ್ಲ ಅಂತ ತೋರಿಸುವ ಪರೀಕ್ಷೆ ಅದು. ಬಣ್ಣಬಣ್ಣದ ಗ್ರಾಫ್ ಬರುತ್ತದೆ, ನೋಡಿದವರು ತಲೆದೂಗುತ್ತಾರೆ.

"ಸಾರ್, ಅಲ್ಲಿರೋ ನರ್ಸ್‌ಗಳೆಲ್ಲ ಸೇರಿದ್ರೂ ಒಂದು ಬಸ್ಸು ತುಂಬಲ್ಲ. ಸಾವಿರಾರು ಜನ ಎಲ್ಲಿಂದ ಬರ್ತಾರೆ?"

"ಶುರುವಾಯ್ತಾ ನಿಮ್ಮ ಕೊಕ್ಕೆ?"

ಯಾವ ಟೆಸ್ಟ್ ಬೇಕು ಅಂತ ಆರಿಸುವ ಮುಂಚೆ ಅವಳು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಒಂದೇ: ಇದು ಕೆಟ್ಟರೆ ಮೊದಲು ಅಳುವವರು ಯಾರು? ಬ್ಯಾಂಕಿನ ಕೆಲಸವಿದ್ದಾಗ ಕಳ್ಳರು ನುಗ್ಗದಂತೆ ನೋಡುವ ಸೆಕ್ಯುರಿಟಿ ಟೆಸ್ಟ್ ಹಿಡಿದು ಕೂತಿದ್ದಳು. ಸಿನಿಮಾ ಟಿಕೆಟ್ಟಿನ ಕೆಲಸದಲ್ಲಿ ಇದೇ ಲೋಡ್ ಟೆಸ್ಟ್ ಬೇಕೇ ಬೇಕು ಅಂತ ಮೇಜು ಕುಟ್ಟಿದವಳೂ ಅವಳೇ. ಇಲ್ಲಿ ಅಳುವವರು ಹಾಸಿಗೆಯ ಮೇಲೆ ಮಲಗಿದ್ದರು. ಹಾಗಾಗಿ ಬ್ಯಾಗು ಹೆಗಲಿಗೇರಿಸಿ ಸೀದಾ ವಾರ್ಡಿಗೆ ಹೋದಳು.

ಹೋಗಿ ನೋಡಿದರೆ, ಅಯ್ಯೋ! ನರ್ಸ್‌ಗಳ ಮೇಜಿನ ಗಾಜಿನಡಿ ಎಲ್ಲ ರೋಗಿಗಳ ಬಾರ್‌ಕೋಡೂ ಕಾಗದದಲ್ಲಿ ಪ್ರಿಂಟಾಗಿ, ಹಾಸಿಗೆ ನಂಬರಿನ ಪ್ರಕಾರ ಸಾಲಾಗಿ ಕೂತಿವೆ.

"ಈ ಸ್ಕ್ಯಾನರ್ ಕೈಪಟ್ಟಿ ಓದೋದೇ ಇಲ್ಲ ಮೇಡಂ. ಮಲಗಿರೋರ ಕೈ ಎಷ್ಟು ಅಂತ ತಿರುಚೋದು? ಇದಾದ್ರೆ ಟಕ್ ಅಂತ ಮುಗಿಯುತ್ತೆ" ಅಂದರು ಹಿರಿಯ ನರ್ಸ್. ಹೇಳುತ್ತಲೇ ಕಿಟಕಿ ಪಕ್ಕದ ಹಾಸಿಗೆಯ ಕಾಗದ ಸ್ಕ್ಯಾನ್ ಮಾಡಿದರು, ಪೊಟ್ಟಣ ಸ್ಕ್ಯಾನ್ ಮಾಡಿದರು. ಹಸಿರು ಬಂತು. ಮಾತ್ರೆ ಹಿಡಿದು ಕಿಟಕಿಯ ಕಡೆ ನಡೆದರು.

ಕಿಟಕಿ ಪಕ್ಕದಲ್ಲಿದ್ದ ಅಜ್ಜ ಬಿಸಿಲು ತಡೆಯಲಾರದೆ ಪಕ್ಕದವನ ಜೊತೆ ಹಾಸಿಗೆ ಬದಲಾಯಿಸಿಕೊಂಡಿದ್ದ. ಅವಳು ವಾರ್ಡಿನ ಒಳಗೆ ಬರುವಾಗ ನಿಲ್ಲಿಸಿ ಅದನ್ನೇ ಹೇಳಿ ನಕ್ಕಿದ್ದ.

"ಸಿಸ್ಟರ್, ಕೊಡ್ಬೇಡಿ!" ಅಂತ ಅವಳು ಕೂಗಿದಳು.

ಮಾತ್ರೆ ಅಷ್ಟರಲ್ಲಿ ಬೇರೆಯವನ ಅಂಗೈ ಸೇರಿತ್ತು. ನರ್ಸ್ ಅದನ್ನು ಕಿತ್ತುಕೊಂಡು, ಕೈಪಟ್ಟಿಯ ಮೇಲಿನ ಹೆಸರು ಓದಿ, ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತರು. ಪಾಪ, ಬಯ್ಯುವುದಾದರೂ ಯಾರನ್ನು? ಸಾಫ್ಟ್‌ವೇರೇ ಹಸಿರು ತೋರಿಸಿತ್ತಲ್ಲ.

ಅಲ್ಲಿಂದ ನೇರ ಆಫೀಸಿಗೆ ಬಂದವಳು ತನ್ನ ಮೇಜು ನೋಡಿ ನಾಲಗೆ ಕಚ್ಚಿಕೊಂಡಳು. ಇಲ್ಲೂ ಅದೇ! ಕಂಪ್ಯೂಟರಿನ ಪಕ್ಕ ಟೇಪ್ ಹಚ್ಚಿ ಅಂಟಿಸಿದ ಬಾರ್‌ಕೋಡ್ ಹಾಳೆ. ಕೆಲಸ ಬೇಗ ಸಾಗಲಿ ಅಂತ ಇಡೀ ತಂಡ ಇಷ್ಟು ದಿನ ಸ್ಕ್ಯಾನ್ ಮಾಡಿದ್ದು ಈ ಚಪ್ಪಟೆ ಕಾಗದವನ್ನು. ಮನುಷ್ಯರ ಕೈಯನ್ನು ಒಬ್ಬರೂ ಸ್ಕ್ಯಾನ್ ಮಾಡಿರಲಿಲ್ಲ. ಮತ್ತೆ ಪಾಸಾಗದೆ ಏನಾಗುತ್ತೆ?

"ಕಾಗದ ಇಟ್ಕೋಬೇಡಿ ಅಂತ ನರ್ಸ್‌ಗಳಿಗೆ ಹೇಳಿಸಿದ್ರಾಯ್ತು" ಅಂದರು ಮ್ಯಾನೇಜರ್. ಪ್ರೋಗ್ರಾಮರ್ ಹೌದೆಂದು ತಲೆಯಾಡಿಸಿದ.

"ಪಟ್ಟಿ ಓದಿದ್ರೆ ಅವರ್ಯಾಕೆ ಕಾಗದ ಇಡ್ತಿದ್ರು ಸಾರ್? ಲೋಡ್ ಟೆಸ್ಟ್ ಬೇಡ. ಬಳಸೋರು ಹೇಗೆ ಬಳಸ್ತಾರೋ ಹಾಗೇ ಬಳಸಿ ನೋಡ್ಬೇಕು. ನಾಳೆಯಿಂದ ಎಲ್ರೂ ಕೈಪಟ್ಟಿ ಕಟ್ಕೊಳ್ಳಿ, ಸ್ನಾನಕ್ಕೂ ಬಿಚ್ಚಂಗಿಲ್ಲ. ಅಲ್ಲೀವರೆಗೆ ನಾನು ಒಪ್ಪಿಗೆ ಕೊಡಲ್ಲ."

"ಏನೂ ಸಿಗ್ಲಿಲ್ಲ ಅಂದ್ರೆ?"

"ಇನ್ಮೇಲೆ ನನ್ನ ಕೊಕ್ಕೆಗೆ ಯಾರೂ ಕಿವಿ ಕೊಡ್ಬೇಡಿ."

ಮ್ಯಾನೇಜರ್ ಗೊಣಗುತ್ತಲೇ ಕೈ ಚಾಚಿದರು. ನೆಂಟರ ಮನೆಗೆ ಹೋದಾಗ "ಯಾವ ಆಸ್ಪತ್ರೆಯಿಂದ ತಪ್ಪಿಸ್ಕೊಂಡು ಬಂದ್ರಿ?" ಅಂತ ಕೇಳಿಸಿಕೊಂಡೂ ಬಂದರಂತೆ.

ಆದರೆ ಹಾಳಾದ್ದು, ಸ್ಕ್ಯಾನರ್ ಪಟ್ಟಿ ಓದುತ್ತಲೇ ಹೋಯಿತು! ಒದ್ದೆ ಮಾಡಿದರೂ ಓದಿತು, ಎಣ್ಣೆ ಸವರಿದರೂ ಓದಿತು. ಪ್ರೋಗ್ರಾಮರ್ ಅವಳನ್ನು ಕಂಡಾಗಲೆಲ್ಲ ಕಿಸಕ್ಕನೆ ನಗತೊಡಗಿದ. ತಿಂಗಳು ಮುಗಿಯುತ್ತ ಬಂದಿತ್ತು. ಹಟ ಬಿಡದೆ ಅವಳು ಸ್ಕ್ಯಾನರನ್ನೂ ಒಂದೆರಡು ಪಟ್ಟಿಗಳನ್ನೂ ಮನೆಗೆ ತಂದಳು.

"ಯಾಕೇ, ಮುಖ ಹರಳೆಣ್ಣೆ ಕುಡಿದೋರ ಥರ ಮಾಡಿದೀಯ?" ಅನ್ನುತ್ತ ಅತ್ತೆ ಮೇಲಿನ ಗೂಡಿನ ಡಬ್ಬಿಗೆ ಕೈ ಎತ್ತಿದರು. ಅವರ ಕೈಗಡಿಯಾರ ಜರ್ರನೆ ಜಾರಿ ಮೊಣಕೈ ಹತ್ತಿರ ನಿಂತಿತು. ಅವಳ ಕಣ್ಣು ಅಲ್ಲೇ ನೆಟ್ಟಿತು. ಆಫೀಸಿನವರೆಲ್ಲ ಉಂಡು ತಿಂದುಕೊಂಡಿರುವ ದಪ್ಪ ಕೈಯವರು. ವಾರ್ಡಿನಲ್ಲಿ ಮಲಗಿರುವವರ ಕೈ?

"ಅತ್ತೆ, ಕೈ ಕೊಡಿ ಇಲ್ಲಿ!"

ಪಟ್ಟಿ ಕಟ್ಟಿ ಸ್ಕ್ಯಾನರ್ ಹಿಡಿದಳು. ಓದಲಿಲ್ಲ. ತಿರುಗಿಸಿ ಹಿಡಿದಳು. ಊಹೂಂ. ಆ ಕಡ್ಡಿಯಂಥ ಮಣಿಕಟ್ಟಿನಲ್ಲಿ ಅರ್ಧ ಗೆರೆಗಳು ಸುತ್ತಿಕೊಂಡು ಹಿಂದಕ್ಕೆ ಹೋಗಿಬಿಟ್ಟಿದ್ದವು.

"ಸಿಕ್ತು ಅತ್ತೆ, ಸಿಕ್ತು!" ಅಂತ ಕುಣಿದೇ ಬಿಟ್ಟಳು.

"ಏನೇ ಸಿಕ್ಕಿದ್ದು, ನಂಗೇನಾದ್ರೂ ಕಾಯಿಲೆನಾ?" ಅಂತ ಗಾಬರಿಯಾದರು ಅತ್ತೆ.

ಮುಂದಿನದು ಸಲೀಸು. ಉದ್ದ ಗೆರೆಗಳು ಹೋಗಿ, ಪಟ್ಟಿಯ ಸುತ್ತಲೂ ಪುಟ್ಟ ಚೌಕದ ಕೋಡ್‌ಗಳು ಬಂದವು. ಯಾವ ಕಡೆಯಿಂದ ಹಿಡಿದರೂ ಒಂದಾದರೂ ಸಿಗಬೇಕು. ಪಟ್ಟಿಗೆ ಕಾಗದದಲ್ಲಿ ಎಲ್ಲೂ ಪ್ರಿಂಟಾಗದ ಬೇರೆಯೇ ಕೋಡ್ ಮಾಡಿದ್ದರಿಂದ ಮೇಜಿನ ಕಾಗದ ತೋರಿಸಿದರೆ ಕೆಂಪು. ಇದನ್ನು ಸರಿಮಾಡುವ ಭರದಲ್ಲಿ ಬೇರೇನೂ ಕೆಟ್ಟಿಲ್ಲ ತಾನೇ ಅಂತ ಹಳೆಯದನ್ನೆಲ್ಲ ಇನ್ನೊಮ್ಮೆ ಪರೀಕ್ಷಿಸಿದಳು. ತಿಂಗಳ ಕೊನೆಗೆ ಅಂತ ಕೊಟ್ಟ ಮಾತು ಸ್ವಲ್ಪ ಮುಂದಕ್ಕೆ ಜಾರಿತು. ಆಸ್ಪತ್ರೆಗೆ ಫೋನ್ ಮಾಡಿದ ಮ್ಯಾನೇಜರ್, "ನಮ್ಮ ಕೊಕ್ಕೆ ಮೇಡಂ ಇನ್ನೂ ಹೂಂ ಅಂದಿಲ್ಲ, ಅವರು ಅನ್ನೋವರೆಗೆ ಕೊಡಲ್ಲ" ಅಂದರು. ಅದನ್ನು ಕೇಳಿ ಅವಳ ಎದೆ ಉಬ್ಬಿತು.

ಹೊಸ ಪಟ್ಟಿ ಬಂದ ದಿನ ಅವಳು ವಾರ್ಡಿನಲ್ಲೇ ನಿಂತಿದ್ದಳು. ಮೇಜಿನ ಗಾಜಿನಡಿ ಒಂದು ಚೂರು ಕಾಗದವಿರಲಿಲ್ಲ. ಒಂದು ಸಣಕಲು ಅಜ್ಜಿ ನಿದ್ದೆಯಲ್ಲಿದ್ದರು. ಹಿರಿಯ ನರ್ಸ್ ಅವರ ಕೈ ಮುಟ್ಟದೆಯೇ ಸ್ಕ್ಯಾನರ್ ಹಿಡಿದರು. ಬೀಪ್! ಅಜ್ಜಿ ಮಿಸುಕಲೂ ಇಲ್ಲ.

"ಹಳೇ ಪಟ್ಟಿಯ ತಪ್ಪು ಕಂಡುಹಿಡಿದೋರು ಯಾರು ಮೇಡಂ?"

"ನಾನೇ" ಅಂದಳು ಅವಳು, ನಾಚಿಕೆಯಿಲ್ಲದೆ. "ನಮ್ಮತ್ತೆ ಕೈಯಲ್ಲಿ."

ಸಂಜೆ ಮನೆಗೆ ಬಂದರೆ ಅತ್ತೆಯ ಕೈಯಲ್ಲಿ ಪಟ್ಟಿ ಹಾಗೇ ಇತ್ತು. ಗೇಟಿನ ಬಳಿ ಪಕ್ಕದ ಮನೆಯಾಕೆಗೆ ದಬಾಯಿಸುತ್ತಿದ್ದರು: "ಕಾಯಿಲೆ ಗೀಯಿಲೆ ಏನಿಲ್ಲ ಕಣ್ರೀ. ನಮ್ಮ ಸೊಸೆ ತಪ್ಪು ಹುಡುಕೋ ಕೆಲಸದಲ್ಲಿದಾಳೆ. ಅವಳು ಹುಡುಕಿದ್ದಕ್ಕೆ ಆಸ್ಪತ್ರೇಲಿ ಜನ ಬದುಕ್ಕೋತಾರೆ, ಏನಂದ್ಕೊಂಡ್ರಿ!"

ಅವಳು ಕೇಳಿಸದವಳಂತೆ ಒಳಗೆ ಹೋದಳು. ಅತ್ತೆ ಹಿಂದೆಯೇ ಬಂದು, ಒಲೆಯ ಮೇಲಿನ ಪಾತ್ರೆಗೆ ಸೌಟು ಹಾಕಿ, ಸೊಸೆಯ ಮುಂದೆ ಹಿಡಿದರು.

"ರುಚಿ ನೋಡೇ. ತಪ್ಪಿದ್ರೆ ಹೇಳು."

ಅವಳು ನೋಡಿದಳು. "ಉಪ್ಪು ಕಮ್ಮಿ ಅತ್ತೆ."

"ಹಾಕು ಮತ್ತೆ" ಅಂದರು ಅತ್ತೆ, ಉಪ್ಪಿನ ಡಬ್ಬಿ ಅವಳ ಕೈಗಿಟ್ಟು.