ಗ್ವಾಡ್ಯಾಗಿನ ದೀಪದ ಪಾಳಿ

ಕರೆಂಟಿನ ದೀಪದ ಕೆಳಗ ನನಗ ಕುಂತಲ್ಲೆ ಕುಂದರಾಕ ಆಗಂಗಿಲ್ಲ. ಬೆಳಕಿನ ತಪ್ಪಲ್ಲ ಅದು, ಮೀಟರಿಂದು. ಬಾಗಲ ಮ್ಯಾಲೆ ಒಂದು ಕರೀ ಡಬ್ಬಿ ಬಡದಾರ, ಅದರ ಗಾಜಿನೊಳಗ ಒಂದು ಚಕ್ರ. ದೀಪ ಹಚ್ಚಿದ್ರ ಸಾಕು, ತಿರಗಾಕ ಸುರು. ಎಣ್ಣಿ ದೀಪಾ ಆಗಿದ್ರ ಎಣ್ಣಿ ಇಳಿಯೂದು ಕಣ್ಣಿಗೆ ಕಾಣ್ತಿತ್ತು, ಬತ್ತಿ ಸಣ್ಣ ಮಾಡಿದ್ರ ಮುಗೀತಿತ್ತು. ಈ ಚಕ್ರಕ್ಕ ಯಾವ ಬತ್ತಿ ಸಣ್ಣ ಮಾಡ್ಲಿ? ರೊಟ್ಟಿ ಬಡಿಯೂದು ಬಿಟ್ಟು ಎದ್ದೆದ್ದು ನೋಡ್ತೇನಿ. ಮಗ ಅಂತಾನ, ಸುಮ್ನ ಕುಂದರಬೇ ಅಂತ. ಅದು ಸುಮ್ನ ಕುಂತ್ರ ನಾನೂ ಕುಂದರತೇನಿ ಅಂತ ಹೇಳೇನಿ.

ದೀಪದ ಬುಡಕ ಕತ್ತಲಿ ಅಂತ ಹಿರ್ಯಾರು ಹೇಳ್ತಿದ್ರು. ಈ ಬಲ್ಬು ತಲಿಕೆಳಗಾಗಿ ಜೋತಾಡತೈತಿ, ಹಿಂಗಾಗಿ ಕತ್ತಲಿ ಮ್ಯಾಲಕ್ಕ ಹೋಗಿ ಕುಂತೈತಿ. ನಾವು ಕೆಳಗ ಬೆಳಕಿನ್ಯಾಗ ಇದ್ದೇವಿ. ಮ್ಯಾಲೆ ಏನ ನಡದೈತೋ ಕಾಣಂಗಿಲ್ಲ.

ಮ್ಯಾಲೆ ಏನ ನಡದೈತಿ ಅನ್ನೂದನ್ನ ಮಗ ತಿಳಿಸಿ ಹೇಳಿದ. ಊರಿಗೆಲ್ಲಾ ಒಂದs ಕಂಪನಿ. ಅದಕ್ಕ ಸರಕಾರದ ಪರವಾನಗಿ. ಎರಡನೇದಾವ್ರು ಕಂಬ ನೆಡೂ ಹಂಗಿಲ್ಲ. ಅದಕ್ಕs ಕಂಪನೀನೂ ತನ್ನ ಮನಸಿಗೆ ಬಂದಂಗ ದರ ಏರಸೂ ಹಂಗಿಲ್ಲ. ನನ್ನ ಸಾಲಿ ಮೂರನೇ ಇಯತ್ತೆಗೇ ಮುಗದೈತಿ, ಆದ್ರ ಇದು ತಿಳೀತು. ಇಡೀ ಊರಿಗೆ ಒಬ್ಬನs ಗಾಣಿಗ ಅಂದ್ರ ಅವನ ಗಾಣಕ್ಕ ಒಬ್ಬ ಕಾವಲುಗಾರ ಬೇಕs ಬೇಕು. ಮೊದಲಿನ ಗಾಣಿಗ ಕುಸುಬಿ ಎಣ್ಣ್ಯಾಗ ಬ್ಯಾರೆ ಏನರ ಬೆರಸಿದ್ರ, ಬೈದು ಮುಂದಿನ ಓಣಿಯವನ ಹತ್ರ ಹೋಗ್ತಿದ್ವಿ. ಈಗ ಬೈಬಹುದು, ಹೋಗಾಕ ಓಣಿ ಇಲ್ಲ.

ಇನ್ನ ನಮ್ಮ ಗ್ವಾಡಿ ಮಾತು. ಕಮರಿಪೇಟಿಯೊಳಗ ನಮ್ಮ ಮನೀಗೂ ಖಾತೂನಳ ಮನೀಗೂ ನಡುವ ಒಂದs ಗ್ವಾಡಿ. ಆ ಗ್ವಾಡ್ಯಾಗ ದೀಪ ಇಡೂ ಮಾಡ ಐತಿ, ಅದು ಈ ಕಡೆಯಿಂದ ಆ ಕಡೆ ಆರಪಾರ. ನಮ್ಮತ್ತಿ ಕಾಲದಿಂದ ಅಲ್ಲೆ ಒಂದು ದೀಪ ಇಟ್ರ ಎರಡೂ ಮನೀಗೆ ಬೆಳಕು. ಎಣ್ಣಿ ಒಂದು ತಿಂಗಳ ನಮ್ಮ ಪಾಳಿ, ಒಂದು ತಿಂಗಳ ಅವರ ಪಾಳಿ. ನಮ್ಮ ಮನೀಗೆ ಕರೆಂಟ ಬಂದಾಗ ಬಲ್ಬ ಎಲ್ಲಿ ಹಾಕಬೇಕ್ರಿ ಅಂತ ವಾಯರಮನ್ ಕೇಳಿದ. ದೀಪ ಎಲ್ಲಿ ಇರತೈತೋ ಅಲ್ಲಿ ಹಾಕಪಾ, ಕೇಳೂದೇನ ಅದನ್ನ, ಅಂದೆ. ಮಾಡದಾಗs ಹಾಕಿ ಹೋದ.

ಯುದ್ಧ ಸುರು ಆದ ಮ್ಯಾಲೆ ಚಿಮಣಿ ಎಣ್ಣಿ ಸಿಗೂದು ದುಸ್ತರ ಆತು. ಹೊಸಾ ಮನೀಗೆ ಕರೆಂಟ ಕೊಡಾಕ ತಂತಿ ಇಲ್ಲ, ತಂತಿ ಎಲ್ಲಾ ಯುದ್ಧಕ್ಕ ಹೋಗೇತಿ ಅಂದ್ರು. ಖಾತೂನಳ ಗಂಡ ತೀರ್ಕೊಂಡಾನ. ಹಗಲೆಲ್ಲಾ ಹಾಸಗಿ ಹಿಡದ ಅತ್ತಿ ಚಾಕರಿ. ಸಂಜೀಕ ಕುಂತು ದರ್ಜಿ ಅಂಗಡಿ ಅಂಗಿಗೆ ಕಾಜಾ ಹೊಲದ್ರ ಮನೀ ಒಲಿ ಹೊತ್ತತೈತಿ. ಆ ಬಲ್ಬ ಆರಿತು ಅಂದ್ರ ಆ ಒಲೀನೂ ಆರಿತು. ಬಲ್ಬಿಗೆ ಪಾಳಿ ಎಣ್ಣಿ ಕೊಡಾಕ ಬರಂಗಿಲ್ಲಂತ, ಅದರ ಬದಲಿಗೆ ಆಕಿ ನಮ್ಮ ಮೊಮ್ಮಕ್ಕಳ ಅಂಗಿಗೆ ಗುಂಡಿ ಹಚ್ಚಿಕೊಡ್ತಿದ್ಲು. ಬ್ಯಾಡ ಅಂದ್ರ ಸಿಟ್ಟ ಮಾಡ್ತಿದ್ಲು.

ಒಂದು ತಿಂಗಳ ಮೀಟರ ನೋಡಾಕ ಹೊಸಬ ಬಂದ. ಖಾಕಿ ಕೋಟು, ಬಿಗದ ಮಾರಿ. ಮಾಡ ನೋಡಿದ, ಬಗ್ಗಿ ಆ ಕಡೆ ನೋಡಿದ. ಒಬ್ಬರ ಮನೀ ಕರೆಂಟ ಇನ್ನೊಬ್ಬರಿಗೆ ಮಾರೂ ಹಂಗಿಲ್ಲ ಅಂದ. ಕರೆಂಟ ಇಲ್ಲೇ ಐತಿ, ಬೆಳಕು ಅಷ್ಟ ಹೋಗೇತಿ, ಅದಕ್ಕ ಬೇಲಿ ಹಾಕಾಕ ಬರಂಗಿಲ್ಲ ಅಂದೆ. ಆತ ಸ್ವಲ್ಪ ಮೆತ್ತಗಾದ. ಹಿಂಗ ಎಲ್ಲಾರೂ ಹಂಚಿಕೊಂಡ್ರ ಕಂಬ ತಂತಿ ಖರ್ಚು ಯಾರ ಹೊರಬೇಕ್ರಿ ಅಂತ ಕೇಳಿದ. ಖರೇ ಮಾತು ಅದು, ನನಗೂ ಅನಸ್ತು.

"ಬದಲಿಗೆ ಅವರು ನಿಮಗೇನರ ಕೊಡ್ತಾರೇನ್ರಿ ಅಮ್ಮಾರ?"

ನಾ ಇಲ್ಲ ಅನ್ನೂದ್ರಾಗ ಮಾಡದೊಳಗಿಂದ ಖಾತೂನಳ ದನಿ ಬಂತು. "ಪುಕಟ ತಗೋಳೂ ಮಂದಿ ಅಲ್ರಿ ನಾವು. ನನ್ನ ಪಾಳಿ ನಾ ಮುಟ್ಟಸ್ತೇನಿ."

ಮುಗೀತು. ಪುಕಟ ಕೊಟ್ಟಿದ್ರ ಧರ್ಮ ಅಂತಿದ್ರು, ಮರ್ಯಾದಿಲೆ ಬದಲಿ ಕೊಟ್ಟದ್ದಕ್ಕ ಮಾರಾಟ ಆತು. ಮುಂದಿನ ಸಲಾ ಬರೂದ್ರೊಳಗ ಮಾಡ ಮುಚ್ಚಿಸ್ರಿ, ಇಲ್ಲಂದ್ರ ನಿಮ್ಮ ತಂತೀನೂ ಕಡಿಯೂದ ಬರತೈತಿ ಅಂತ ಹೇಳಿ ಹೋದ.

ಆ ತಿಂಗಳ ನನಗ ನಿಂತಲ್ಲೆ ನಿಂದರಾಕ ಆಗಲಿಲ್ಲ. ಮಾಡ ಮುಚ್ಚಾಕ ಮಣ್ಣಿನ ಅರಲು ಕಲಸೂದು, ಮಾಡದ ಮುಂದ ಒಯ್ದು ಇಡೂದು. ಆ ಕಡೆ ಸೂಜಿ ಸಪ್ಪಳ ಕೇಳೂದು, ಹೊಳ್ಳಿ ತಂದು ಬಾಗಲದಾಗ ಇಡೂದು. ಅರಲು ಒಣಗೂದು, ಮತ್ತ ಕಲಸೂದು. ಖಾತೂನ ಅತ್ತಲಿಂದ ಕೇಳಿದ್ಲು, "ಅಕ್ಕಾರ, ಮುಚ್ಚೂದಿದ್ರ ಲಗೂ ಮುಚ್ಚರಿ. ದಿನಾ ಹೆಣಾ ಎತ್ತಿ ಎತ್ತಿ ಇಡಬ್ಯಾಡ್ರಿ." ನಿನ್ನ ನಾಲಿಗಿಯಿಂದನs ಇದೆಲ್ಲಾ ಆಗಿದ್ದು, ಸುಮ್ನ ಹೊಲಿ ಅಂದೆ.

ಆತ ಹೊಳ್ಳಿ ಬಂದ. ಮೀಟರ ನೋಡಾಕ ಕೈ ಎತ್ತಿದಾಗ ಕೋಟಿನ ಗುಂಡಿ ಕಿತ್ತು ಸಿಡದು ಮಾಡದೊಳಗ ಹೋತು. ಖಾತೂನ ಆ ಕಡೆಯಿಂದ ಕೈ ಚಾಚಿ ಕೋಟು ಕೇಳಿದ್ಲು. ಆತ ನಾಚಿ ಕೊಟ್ಟ. ಗುಂಡಿ ಕುಂತಿತು, ಕೋಟು ಮಾಡದಾಗಿಂದ ಹೊಳ್ಳಿ ಬಂತು. ಆತ ಕಿಸೇಕ ಕೈ ಹಾಕಿದ.

"ತಡಿ ತಮ್ಮಾ," ಅಂದೆ. "ಈ ಬೆಳಕಿನ್ಯಾಗ ಹೊಲದದ್ದಕ್ಕ ರೊಕ್ಕ ಕೊಟ್ರ ನೀನೂ ಈ ಬೆಳಕಿನ ಗಿರಾಕಿ ಆದಿ. ಕೊಡದಿದ್ರ ಅದು ಲಂಚ. ಯಾವದಂತ ಬರಕೋತೀ?"

ಕಿಸೇದಾಗಿನ ಕೈ ಕಿಸೇದಾಗs ಉಳೀತು. ಬಾಗಲದಾಗಿನ ಹಸೀ ಅರಲು ನೋಡಿದ. ಚಕ್ರ ನೋಡಿದ. ಆಮ್ಯಾಲೆ ಪೆನ್ಸಿಲ್ ತಗದು ಬರದ, ಬರದದ್ದನ್ನ ನನಗ ಓದಿ ಹೇಳಿದ: ಮಾಡ ಮುಚ್ಚುವ ಕೆಲಸ ನಡೆದಿದೆ.

ಕೆಲಸ ಇನ್ನೂ ನಡದೈತಿ. ಯುದ್ಧ ಮುಗದು ತಂತಿ ಬರೂತನಕ ನಡೀತೈತಿ. ಸರಕಾರದ ಕೆಲಸ ಎಲ್ಲಾ ಹಿಂಗs ನಡೀತಾವಂತ ಮಗ ಅಂತಾನ, ಇರಬಹುದು. ಆತ ಬರೂ ಹೊತ್ತಿಗೆ ಅರಲು ಹಸೀ ಇರಬೇಕು, ಅಷ್ಟ. ಖಾತೂನ ಇದನ್ನೂ ಪುಕಟ ಬಿಡಲಿಲ್ಲ: ಒಂದು ತಿಂಗಳ ಆಕಿ ಕಲಸಬೇಕು, ಒಂದು ತಿಂಗಳ ನಾನು. ಈ ತಿಂಗಳ ಪಾಳಿ ನಂದು. ಚಕ್ರ ನೋಡ್ಕೋತ ಕುಂತ್ರ ಆಗಂಗಿಲ್ಲ, ಏಳತೇನಿ.